ತಾಮ್ರಕ್ಕೆ ಕಿಲುಬೇ ಭೂಷಣ

ಗುಜರಿ ಅಂಗಡಿಯ ತಕ್ಕಡಿಯಷ್ಟು ನಿಷ್ಪಕ್ಷಪಾತಿಯಾದ ವಿಮರ್ಶಕನನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಲ್ಲಿ ಕವಿಯ ಸಮಗ್ರ ಕಾವ್ಯವೂ ಹಳೇ ಪೇಪರಿನ ದರಕ್ಕೇ ಹೋಗುತ್ತದೆ. ಅಂಗಡಿಯವನು ಪ್ಲಾಸ್ಟಿಕ್ಕನ್ನು ಕಾಲಲ್ಲಿ ಸರಿಸುತ್ತಾನೆ, ಕಬ್ಬಿಣವನ್ನು ಎತ್ತಿ ರಾಶಿಗೆ ಎಸೆಯುತ್ತಾನೆ, ಅಲ್ಯುಮಿನಿಯಂ ಪಾತ್ರೆಯನ್ನು ತುಳಿದು ಚಪ್ಪಟೆ ಮಾಡಿ ಪಕ್ಕಕ್ಕಿಡುತ್ತಾನೆ. ತಾಮ್ರ ಬಂತೆಂದರೆ ಮಾತ್ರ ಕೂತಲ್ಲಿಂದ ಏಳುತ್ತಾನೆ. ಅರ ತೆಗೆದು ಪಾತ್ರೆಯ ಅಂಚನ್ನು ಒಂದೇ ಒಂದು ಸಲ ಉಜ್ಜುತ್ತಾನೆ. ಮಸಿ, ಜಿಡ್ಡು, ಹಸಿರು ಕಿಲುಬು ಎಲ್ಲದರ ಕೆಳಗಿಂದ ಕೆಂಪು ಗೆರೆಯೊಂದು ಇಣುಕುತ್ತದೆ. ಹಳದಿ ಇಣುಕಿದರೆ ಹಿತ್ತಾಳೆ, ದರ ಇಳಿಯಿತು. ಈ ಪರೀಕ್ಷೆಗೆ ಪ್ರಯೋಗಾಲಯ ಬೇಡ. ಬೆಳ್ಳಗೆ ಬೂದಿಬಣ್ಣಕ್ಕಿರುವ ಲೋಹಗಳ ಸಂತೆಯಲ್ಲಿ ಎದ್ದು ಕಾಣುವ ಬಣ್ಣವಿರುವುದು ಚಿನ್ನಕ್ಕೆ ಮತ್ತು ತಾಮ್ರಕ್ಕೆ. ಚಿನ್ನ ಗುಜರಿಗೆ ಬರುವುದಿಲ್ಲವಾದ್ದರಿಂದ ಅವನ ಕೆಲಸ ಸುಲಭ.

ಆವರ್ತಕೋಷ್ಟಕದಲ್ಲಿ ತಾಮ್ರದ ಮನೆ ನಂಬರು 29. ನಟ್ಟನಡುವೆ ಸಾಲಾಗಿ ಕೂತಿರುವ ಸಂಕ್ರಮಣ ಲೋಹಗಳ ಕೇರಿ ಅದು. ಕ್ರೋಮಿಯಂ, ಮ್ಯಾಂಗನೀಸ್, ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಎಲ್ಲ ಅಕ್ಕಪಕ್ಕದವರು. ಪಿಯುಸಿ ಓದಿದವರಿಗೆ ತಾಮ್ರದ ನೆನಪು ಒಂದು ಅಂಕದ ಪ್ರಶ್ನೆಯಾಗಿ ಉಳಿದಿರುತ್ತದೆ: ಇದರ ಇಲೆಕ್ಟ್ರಾನ್ ವಿನ್ಯಾಸ ಬರೆಯಿರಿ. ನಿಯಮದ ಪ್ರಕಾರ 3ಡಿ ಕೋಣೆಯಲ್ಲಿ ಒಂಬತ್ತು, 4ಎಸ್ ಕೋಣೆಯಲ್ಲಿ ಎರಡು ಇರಬೇಕು. ನಿಯಮ ಕಲಿತ ಹುಡುಗ ಹಾಗೆಯೇ ಬರೆದು ಅಂಕ ಕಳೆದುಕೊಳ್ಳುತ್ತಾನೆ. ತಾಮ್ರ ಒಳಗಿನ ಕೋಣೆಯನ್ನು ಹತ್ತಕ್ಕೆ ಭರ್ತಿ ಮಾಡಿ, ಹೊರಗೆ ಒಂದನ್ನೇ ಬಿಟ್ಟಿರುತ್ತದೆ. ಈ ಹೊರಗಿನದು ಒಟ್ಟು ಕುಟುಂಬದಲ್ಲಿ ಊಟದ ಹೊತ್ತಿಗೆ ಮಾತ್ರ ಮನೆಗೆ ಬರುವ ಚಿಕ್ಕಪ್ಪನ ಹಾಗೆ. ಯಾವ ಪರಮಾಣುವಿಗೆ ಸೇರಿದ್ದು ಎಂದು ಹೇಳುವಂತಿಲ್ಲ, ಇಡೀ ಲೋಹದ ತುಂಬ ತಿರುಗಾಡಿಕೊಂಡಿರುತ್ತದೆ. ವಿದ್ಯುತ್ತು ಹರಿಯುವುದು ಈ ತಿರುಗಾಟದಿಂದಲೇ. ಒಳಕೋಣೆಯವೂ ಪೂರ್ತಿ ಸುಮ್ಮನಿಲ್ಲ. ಬಿಸಿಲಿನಲ್ಲಿರುವ ನೀಲಿ ಹಸಿರು ಬೆಳಕನ್ನು ನುಂಗಿಕೊಂಡು, ಕೆಂಪನ್ನು ನಮಗೆ ವಾಪಸು ಕಳಿಸುತ್ತವೆ. ಅರ ಉಜ್ಜಿದಾಗ ಕಂಡ ಗೆರೆ ಅದೇ.

ತಾಮ್ರದ ಬಗ್ಗೆ ನನಗೆ ಮೆಚ್ಚುಗೆ ಹುಟ್ಟಿಸಿದ್ದು ಅದರ ಹೊಳಪಲ್ಲ, ಹೊಳಪು ಕಳೆದುಕೊಳ್ಳುವ ರೀತಿ. ಚಿನ್ನ ಯಾವುದಕ್ಕೂ ಮೈ ಕೊಡುವುದಿಲ್ಲ. ಸಾವಿರ ವರ್ಷ ನೆಲದಲ್ಲಿ ಹೂತಿಟ್ಟರೂ ಹೂತವನ ಪರಿಚಯವೇ ಇಲ್ಲವೆಂಬಂತೆ ಹೊರಬರುತ್ತದೆ. ಕಬ್ಬಿಣ ಇದಕ್ಕೆ ತದ್ವಿರುದ್ಧ, ನಾಲ್ಕು ಮಳೆ ಕಂಡರೆ ಪುಡಿಪುಡಿ. ತಾಮ್ರ ನಡುವಿನದು. ಗಾಳಿಗೆ, ನೀರಿಗೆ, ಹುಳಿಗೆ ತನ್ನನ್ನು ಸ್ವಲ್ಪವೇ ಸ್ವಲ್ಪ ಬಿಟ್ಟುಕೊಡುತ್ತದೆ. ಆ ಸ್ವಲ್ಪಕ್ಕೆ ನಾವು ಕಿಲುಬು ಎಂದು ಹೆಸರಿಟ್ಟು ಮೂಗು ಮುರಿಯುತ್ತೇವೆ. ಈ ಲೋಹ ನಮಗೆ ಮಾಡಿಕೊಟ್ಟ ಉಪಕಾರಗಳಲ್ಲಿ ಅರ್ಧಕ್ಕೆ ಹೆಚ್ಚು ಆ ಕಿಲುಬಿನ ಕಡೆಯವೇ.

ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲ ಒಲೆಯ ಮೇಲೆ ಕೂತಿರುತ್ತಿದ್ದ ಹಂಡೆಯನ್ನೇ ನೋಡಿ. ಸೋಗೆ, ಹಾಳೆ, ತೆಂಗಿನ ಮಟ್ಟೆ ಏನೇ ತುರುಕಿದರೂ ನೀರು ಕಾಯುತ್ತಿತ್ತು, ಏಕೆಂದರೆ ತಾಮ್ರ ಶಾಖವನ್ನು ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಚೆನ್ನಾಗಿ ಸಾಗಿಸುತ್ತದೆ. ವರ್ಷವಿಡೀ ಕೆಳಗೆ ಮಸಿ, ಮೇಲೆ ಕಂದು. ದೀಪಾವಳಿಗೆ ಮುಂಚೆ ನೀರು ತುಂಬುವ ಹಬ್ಬದ ದಿನ ಮಾತ್ರ ಅದಕ್ಕೆ ಅಭ್ಯಂಜನ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಮನೆಯ ಹೆಂಗಸರು ತಿಕ್ಕಿ ತಿಕ್ಕಿ, ಕೊನೆಗೆ ಕಂಠಕ್ಕೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿದರೆ ಹಂಡೆ ಮದುಮಗಳಾಯಿತು. ಹುಣಸೆಯ ಹುಳಿಗೆ ತಾಮ್ರದ ಮೇಲಿನ ಆಕ್ಸೈಡು ಕರಗುತ್ತದೆ, ಕೆಳಗಿನ ಲೋಹ ಹಾಗೇ ಉಳಿಯುತ್ತದೆ. ಇಷ್ಟೇ ರಸಾಯನಶಾಸ್ತ್ರ. ಆದರೆ ಹುಳಿಯನ್ನು ರಾತ್ರಿಯಿಡೀ ತಾಮ್ರದಲ್ಲಿ ಬಿಟ್ಟರೆ ಕತೆಯೇ ಬೇರೆ, ಲೋಹವೇ ಮಜ್ಜಿಗೆಗಿಳಿಯುತ್ತದೆ. ಅಜ್ಜಿ ಇದನ್ನು ಅಯಾನು ಗಿಯಾನು ಎನ್ನದೆ ಒಂದೇ ಸಾಲಿನಲ್ಲಿ ಮುಗಿಸುತ್ತಿದ್ದಳು: “ತಮಾ, ತಾಮ್ರಕ್ಕೆ ಮಜ್ಜಿಗೆ ಹಾಕಡ, ಕಿಲುಬು ಬತ್ತು.”

ಹುಳಿ ಹಾಕಲೇಬೇಕಾದ ಪಾತ್ರೆಗಳಿಗೆ ಕಲಾಯಿ ಇತ್ತು. ಕಲಾಯಿಯವನು ಅಂಗಳದಲ್ಲಿ ಗುಂಡಿ ತೋಡಿ, ತಿದಿ ಹೂತು, ಇದ್ದಿಲು ಹೊತ್ತಿಸಿ ಕೂತರೆ ಶಾಲೆಗೆ ಹೋಗುವ ಮಕ್ಕಳಿಗೆಲ್ಲ ಹೊಟ್ಟೆನೋವು. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದಾಗ ಬುಸ್ಸೆಂದು ಬಿಳಿ ಹೊಗೆ ಏಳುತ್ತಿತ್ತು. ಆಮೇಲೆ ತವರದ ಕಡ್ಡಿಯನ್ನು ಮುಟ್ಟಿಸಿ, ಅರಳೆಯಿಂದ ಒಂದು ಸುತ್ತು ಸವರಿದ್ದೇ ತಡ, ಕೆಂಪು ಪಾತ್ರೆಯ ಒಳಗು ಬೆಳ್ಳಿ. ತಾಮ್ರ ಕರಗಲು 1085 ಡಿಗ್ರಿ ಬೇಕು, ತವರಕ್ಕೆ 232 ಸಾಕು. ಈ ಎರಡರ ನಡುವಿನ ವಿಶಾಲವಾದ ಅಂತರದಲ್ಲಿ ಒಂದು ಕಸುಬೇ ಬದುಕಿಕೊಂಡಿತ್ತು. ಸ್ಟೀಲು ಬಂದಮೇಲೆ ಅದು ಹೋಯಿತು.

ಕಿಲುಬಿಗೆ ಜಗತ್ತಿನಲ್ಲೇ ಅತಿ ಎತ್ತರದ ಮರ್ಯಾದೆ ಸಿಕ್ಕಿರುವುದು ನ್ಯೂಯಾರ್ಕಿನ ಬಂದರಿನಲ್ಲಿ. ಅಲ್ಲಿನ ಸ್ವಾತಂತ್ರ್ಯ ದೇವತೆಯ ಮೈಯೆಲ್ಲ ತಾಮ್ರದ ತಗಡು, ದಪ್ಪ ಬರೀ 2.4 ಮಿಲಿಮೀಟರು. 1886ರಲ್ಲಿ ನಿಲ್ಲಿಸಿದಾಗ ದೇವಿ ಕೆಂಪಗಿದ್ದಳು. ಸಮುದ್ರದ ಗಾಳಿಗೆ ಮೊದಲು ಕಂದಾಗಿ, ಆಮೇಲೆ ಹಸಿರಾಗತೊಡಗಿದಳು. 1906ರಲ್ಲಿ ಅಮೆರಿಕದ ಸರ್ಕಾರ ಗಾಬರಿಯಾಗಿ ಬಣ್ಣ ಹೊಡೆಸಲು ಹಣ ತೆಗೆದಿರಿಸಿತು. ಜನ ಗಲಾಟೆ ಮಾಡಿ ನಿಲ್ಲಿಸಿದರು. ಜನ ಹೇಳಿದ್ದೇ ಸರಿಯಿತ್ತು, ಯಾಕೆಂದರೆ ಆ ಹಸಿರು ಪದರವೇ ಕೆಳಗಿನ ತಾಮ್ರಕ್ಕೆ ಕವಚ. ಹಾಳಾದದ್ದು ಒಳಗಿನ ಕಬ್ಬಿಣ. ಐಫೆಲ್ ಮಾಡಿಕೊಟ್ಟ ಕಬ್ಬಿಣದ ಚೌಕಟ್ಟಿಗೂ ಹೊರಗಿನ ತಾಮ್ರಕ್ಕೂ ನಡುವೆ ಇಟ್ಟಿದ್ದ ತಡೆ ಸವೆದು, ಉಪ್ಪುಗಾಳಿಯ ತೇವದಲ್ಲಿ ಎರಡೂ ತಾಗಿದವು. ಹಾಗೆ ತಾಗಿದಾಗ ಸವೆಯುವ ಸರದಿ ಯಾವಾಗಲೂ ಕಬ್ಬಿಣದ್ದೇ. 1980ರ ದಶಕದಲ್ಲಿ ಆ ಪಟ್ಟಿಗಳನ್ನೆಲ್ಲ ತೆಗೆದು ಸ್ಟೇನ್‌ಲೆಸ್ ಸ್ಟೀಲು ಹಾಕಬೇಕಾಯಿತು. ಈ ತಾಮ್ರ–ಕಬ್ಬಿಣದ ದಾಯಾದಿ ಜಗಳವನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು, ಅಡಿಕೆ ತೋಟದಲ್ಲಿ ಬೇಕಾಗುತ್ತದೆ.

ಈಚೆಗೆ ತಾಮ್ರ ಬಚ್ಚಲಿನಿಂದ ಎದ್ದು ಜಿಮ್ಮಿಗೆ ಹೋಗಿದೆ. ಬೆಂಗಳೂರಿನ ಪಾರ್ಕುಗಳಲ್ಲಿ ವಾಕಿಂಗ್ ಮಾಡುವವರಲ್ಲಿ ಹಲವರ ಕೈಯಲ್ಲಿ ತಾಮ್ರದ ಬಾಟಲು. ಇದರಲ್ಲಿ ಪೂರ್ತಿ ಷೋಕಿಯೇ ಇದೆ ಎನ್ನಲಾರೆ. 2012ರಲ್ಲಿ ಬೆಂಗಳೂರಿನದೇ ಸಂಶೋಧಕರು ಕಾಲರಾ, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಕೊಡದಲ್ಲಿ 16 ಗಂಟೆ ಇಟ್ಟು ನೋಡಿದರು. ಬೆಳಗಿನ ಹೊತ್ತಿಗೆ ಒಂದೂ ಬದುಕಿರಲಿಲ್ಲ. ನೀರಿಗಿಳಿದ ತಾಮ್ರವೂ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಲೀಟರಿಗೆ 2 ಮಿಲಿಗ್ರಾಂ ಮಿತಿಗಿಂತ ಬಹಳ ಕೆಳಗಿತ್ತು. ಅಂದರೆ ಸೂಕ್ಷ್ಮಾಣುವಿಗೆ ಸಾವು ತರುವಷ್ಟು, ಮನುಷ್ಯನಿಗೆ ಲೆಕ್ಕಕ್ಕೇ ಬಾರದಷ್ಟು. ರಾತ್ರಿ ಚೊಂಬಿನಲ್ಲಿ ನೀರಿಟ್ಟು ಬೆಳಿಗ್ಗೆ ಕುಡಿಯುತ್ತಿದ್ದ ಅಜ್ಜಂದಿರಿಗೆ ಇದರಿಂದ ಮರಣೋತ್ತರ ಪ್ರಶಸ್ತಿ ಸಿಕ್ಕಂತಾಯಿತು. ನನ್ನ ತಕರಾರಿರುವುದು ನಮ್ಮ ಪಕ್ಕದ ಮನೆಯವರ ಜೊತೆ. ಅವರು ತೂಕ ಇಳಿಸುವ ಉತ್ಸಾಹದಲ್ಲಿ ಅದೇ ಬಾಟಲಿಗೆ ನಿಂಬೆಹಣ್ಣು, ಜೇನು ಹಾಕಿ ಅಲ್ಲಾಡಿಸುತ್ತಾರೆ. ನಮ್ಮ ಅಜ್ಜಿಯ ಒಂದು ಸಾಲನ್ನು ಅವರಿಗೆ ದಾಟಿಸಿದೆ. “ಬಾಟಲಿ ಒಳಗಡೆ ಎಷ್ಟು ಫಳಫಳ ಆಗಿದೆ ನೋಡಿ ಸಾರ್” ಎಂದು ತೋರಿಸಿದರು. ಆಗಿರುತ್ತದೆ. ಆ ಪದರ ಹೊಟ್ಟೆ ಸೇರಿದೆಯಲ್ಲ.

ಕುಟುಂಬ ಯೋಜನೆಯ ಕಾಪರ್-ಟಿ ಕೂಡ ಇದೇ ಸೋರುವ ಗುಣವನ್ನು ನಂಬಿಕೊಂಡದ್ದು. ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆದಿರುವ 380 ಎಂಬ ಅಂಕಿ ಅದರ ಮೇಲಿನ ತಾಮ್ರದ ಹೊರಮೈಯ ಲೆಕ್ಕ, ಚದರ ಮಿಲಿಮೀಟರಿನಲ್ಲಿ. ಅಷ್ಟರಿಂದ ದಿನವೂ ಚೂರುಚೂರು ಇಳಿಯುವ ತಾಮ್ರ ವೀರ್ಯಾಣುಗಳ ಓಟವನ್ನು ಹತ್ತು ವರ್ಷ ತಡೆಯುತ್ತದೆ. ಹಾಗೆಂದು ತಾಮ್ರ ಜೀವವಿರೋಧಿಯಲ್ಲ. ಗದ್ದೆಬದುವಿನ ಏಡಿಯ ಮೈಯಲ್ಲಿ ಉಸಿರು ಹೊರುವುದು ನಮ್ಮಂತೆ ಕಬ್ಬಿಣವಲ್ಲ, ತಾಮ್ರ. ಆದ್ದರಿಂದ ಅದರ ರಕ್ತ ನೀಲಿ. ಏಡಿ ಹಿಡಿದು ಸಾರು ಮಾಡುವವರು ಸಾಕ್ಷಾತ್ ರಾಜವಂಶವನ್ನೇ ಉಣ್ಣುತ್ತಿದ್ದಾರೆ ಎನ್ನಬಹುದು.

ತಾಮ್ರ ಸೋರಬಾರದ ಕಡೆಯೂ ಒಂದಿದೆ, ತಂತಿ. ಪಂಪ್‌ಸೆಟ್ ಸುಟ್ಟು ರಿಪೇರಿ ಅಂಗಡಿಗೆ ಒಯ್ದವರಿಗೆಲ್ಲ ಮೊದಲು ಎದುರಾಗುವ ಪ್ರಶ್ನೆ: “ಕಾಪರ್ ವೈಂಡಿಂಗಾ, ಅಲ್ಯುಮಿನಿಯಮ್ಮಾ?” ವರನ ಗೋತ್ರ ಕೇಳುವ ಗಾಂಭೀರ್ಯವೇ ಅದಕ್ಕೂ ಇದೆ. ಅಲ್ಯುಮಿನಿಯಂ ತಂತಿ ತಾಮ್ರದ ಶೇಕಡಾ 60ರಷ್ಟು ವಿದ್ಯುತ್ತನ್ನು ಮಾತ್ರ ಸಾಗಿಸುತ್ತದೆ. ಮೇಲೆ ವಾರ್ನಿಷ್ ಬಳಿದರೆ ಬಣ್ಣದಲ್ಲಿ ಎರಡೂ ಒಂದೇ. ತೂಕ ಮಾತ್ರ ಸುಳ್ಳು ಹೇಳುವುದಿಲ್ಲ, ತಾಮ್ರ ಅಲ್ಯುಮಿನಿಯಮ್ಮಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಈ ಸತ್ಯ ರೈತನಿಗಿಂತ ಮುಂಚೆ ಕಳ್ಳನಿಗೆ ತಿಳಿದಿರುತ್ತದೆ. ರಾತ್ರಿ ತೋಟಕ್ಕೆ ನುಗ್ಗಿ ಬೋರ್‌ವೆಲ್ ಕೇಬಲು ಕತ್ತರಿಸುವವನು ಅಲ್ಯುಮಿನಿಯಂ ತಂತಿಯನ್ನು ಮುಟ್ಟುವುದೂ ಇಲ್ಲ.

ತಾಮ್ರಕ್ಕಿಂತ ಒಂದು ಕೈ ಮೇಲಾದ ವಾಹಕ ಬೆಳ್ಳಿಯೊಂದೇ. ಬೆಳ್ಳಿಯಲ್ಲಿ ವೈಂಡಿಂಗ್ ಮಾಡಿಸಿದವರೂ ಇದ್ದಾರೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕಕ್ಕೆ ಗುಂಡು ತಯಾರಿಕೆಗೇ ತಾಮ್ರ ಸಾಲದೆ ಬಂತು. ಅಣುಬಾಂಬಿನ ಯುರೇನಿಯಂ ಬೇರ್ಪಡಿಸುವ ಓಕ್ ರಿಜ್ ಕಾರ್ಖಾನೆಯ ದೈತ್ಯ ಅಯಸ್ಕಾಂತಗಳಿಗೆ ತಂತಿ ಎಲ್ಲಿಂದ ತರುವುದು? 1942ರಲ್ಲಿ ಸೇನಾಧಿಕಾರಿಯೊಬ್ಬ ಖಜಾನೆಗೇ ಹೋಗಿ ಸಾವಿರಾರು ಟನ್ ಬೆಳ್ಳಿ ಸಾಲ ಕೇಳಿದ. ನಮ್ಮಲ್ಲಿ ಬೆಳ್ಳಿಯನ್ನು ಟನ್ನಿನಲ್ಲಿ ಲೆಕ್ಕ ಹಾಕುವ ಪದ್ಧತಿಯಿಲ್ಲ, ಔನ್ಸಿನಲ್ಲಿ ಹೇಳಿ ಎಂದು ಖಜಾನೆಯವರು ತಿದ್ದಿದರಂತೆ. ತಿದ್ದಿದ ಮೇಲೆ ಸುಮಾರು 14,000 ಟನ್ ಕೊಟ್ಟರು. ಕೊನೆಯ ಕಂತು ಖಜಾನೆಗೆ ಹಿಂದಿರುಗಿದ್ದು 1970ರಲ್ಲಿ. ಯುದ್ಧ ಮುಗಿದು ಇಪ್ಪತ್ತೈದು ವರ್ಷ ಸರ್ಕಾರದ ಒಂದು ಇಲಾಖೆ ಇನ್ನೊಂದಕ್ಕೆ ಸಾಲ ತೀರಿಸುತ್ತಿತ್ತು ಎನ್ನುವುದು ಅಣುಬಾಂಬಿಗಿಂತ ನನಗೆ ಸೋಜಿಗ.

ದಾಖಲೆಯ ಮಾತು ಬಂತೆಂದರೆ ತಾಮ್ರಶಾಸನ ಬಿಡುವಂತಿಲ್ಲ. ಕಲ್ಲಿನ ಶಾಸನ ಊರಿಗೆ, ತಾಮ್ರದ್ದು ದಾನ ಪಡೆದವನ ಪೆಟ್ಟಿಗೆಗೆ. ತಗಡುಗಳನ್ನು ಬಳೆಯಲ್ಲಿ ಪೋಣಿಸಿ ಮೇಲೊಂದು ಮುದ್ರೆ ಒತ್ತುತ್ತಿದ್ದರು, ಗಂಗರಾದರೆ ಆನೆ, ಚಾಲುಕ್ಯರಾದರೆ ವರಾಹ. ಬೆಂಕಿಗೆ, ಗೆದ್ದಲಿಗೆ ಜಗ್ಗದ ಪಹಣಿ ಪತ್ರ. ಜಗ್ಗದಿರುವುದು ಸುಳ್ಳು ಪತ್ರಗಳಿಗೂ ಅನ್ವಯಿಸುತ್ತದಲ್ಲ! ಗಂಗರ ಹೆಸರಿನ ಹಲವು ತಾಮ್ರಪಟಗಳು ಆಮೇಲೆ ಯಾರೋ ಕೆತ್ತಿಸಿಕೊಂಡ ನಕಲಿಗಳು ಎಂದು ಇತಿಹಾಸಕಾರ ಫ್ಲೀಟ್ ಹಟ ಹಿಡಿದಿದ್ದ. ಭೂದಾಖಲೆ ತಿದ್ದುವ ವಿದ್ಯೆ ತಾಲ್ಲೂಕು ಕಚೇರಿಗಿಂತ ಹಳೆಯದು.

ಇನ್ನು ತೋಟಕ್ಕೆ ಬರೋಣ. ಮಲೆನಾಡಿನ ಅಡಿಕೆ ಬೆಳೆಗಾರನಿಗೆ ತಾಮ್ರ ಕೆಂಪಲ್ಲ, ನೀಲಿ. ಮೈಲುತುತ್ತದ ಹರಳು, ಅಂದರೆ ತಾಮ್ರದ ಸಲ್ಫೇಟು, ಚೀಲದಿಂದ ಸುರಿದರೆ ಒಡವೆ ಅಂಗಡಿಯ ಮೂಟೆ ಬಿಚ್ಚಿತೆನ್ನಬೇಕು, ಅಂಥ ನೀಲಿ. ಅದು ಬೇಕಾಗುವುದು ಕೊಳೆರೋಗಕ್ಕೆ. ಜಿಟಿಜಿಟಿ ಮಳೆ ಹಿಡಿದಾಗ ಗೊನೆಯ ಎಳೆಗಾಯಿಗೆ ನೀರು ನೆಂದ ಕಲೆ ಬೀಳುತ್ತದೆ, ನಾಲ್ಕು ದಿನದಲ್ಲಿ ಕಾಯಿ ಕಪ್ಪಾಗಿ ಮರದ ಬುಡಕ್ಕೆ ಸುರಿಯುತ್ತದೆ. ರೋಗಾಣುವಿನ ಬೀಜಕಗಳಿಗೆ ಬಾಲವಿದೆ, ಕಾಯಿಯ ಮೇಲಿನ ನೀರಿನ ಪಸೆಯಲ್ಲೇ ಈಜಿಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗುತ್ತವೆ. ಹಿಂದೆ ಇದಕ್ಕೆ ಇದ್ದ ಉಪಾಯ ಗೊನೆಗೊನೆಗೂ ಕೊಟ್ಟೆ ಕಟ್ಟುವುದು. ಪ್ರತಿಯೊಂದು ಗೊನೆಗೂ ಒಂದೊಂದು ಕೊಡೆ! ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಕೆನಡಾದಿಂದ ಬಂದ ಲೆಸ್ಲಿ ಕೋಲ್‌ಮನ್ ಎಂಬ ವಿಜ್ಞಾನಿ ಮಲೆನಾಡಿನ ಮಳೆಯಲ್ಲಿ ಅಲೆದು, ರೋಗಾಣುವನ್ನು ಗುರುತಿಸಿ 1910ರಲ್ಲಿ ಬರೆದಿಟ್ಟ. ಕೊಳೆರೋಗ ಎಂಬ ನಮ್ಮ ಹೆಸರನ್ನೇ ಇಂಗ್ಲಿಷಿನಲ್ಲೂ ಇಟ್ಟ, ಇವತ್ತಿಗೂ ಸಸ್ಯರೋಗ ಶಾಸ್ತ್ರದ ಪುಸ್ತಕಗಳಲ್ಲಿ ಅದು ಹಾಗೇ ಇದೆ. ಮದ್ದಾಗಿ ಅವನು ಬೆಳೆಗಾರರಿಗೆ ಕೊಟ್ಟದ್ದು ಬೋರ್ಡೋ ದ್ರಾವಣ.

ಬೋರ್ಡೋ ದ್ರಾವಣದ ಮೂಲದಲ್ಲಿ ವಿಜ್ಞಾನವಿಲ್ಲ, ಕಳ್ಳತನವಿದೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟದವರು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ನೀಲಿ ಕಲೆ ಕಂಡು ವಿಷವೆಂದು ಹೆದರಿ ದಾರಿಹೋಕರು ಹಣ್ಣು ಕೀಳದಿರಲಿ ಎಂದು. ಅದೇ ಕಾಲಕ್ಕೆ ಅಮೆರಿಕದಿಂದ ಬಂದ ಬೂಜುರೋಗ ಇಡೀ ದೇಶದ ದ್ರಾಕ್ಷಿಯನ್ನು ನುಂಗುತ್ತಿತ್ತು. 1882ರ ಅಕ್ಟೋಬರಿನಲ್ಲಿ ಮಿಲಾರ್ಡೆ ಎಂಬ ಪ್ರೊಫೆಸರು ಆ ದಾರಿಯಲ್ಲಿ ನಡೆದು ಹೋಗುವಾಗ ನೋಡುತ್ತಾನೆ, ತೋಟದ ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿ ನಿಂತಿವೆ, ಕಳ್ಳರಿಗೆಂದು ನೀಲಿ ಎರಚಿದ ಅಂಚಿನ ಸಾಲು ಮಾತ್ರ ಹಸಿರಾಗಿದೆ! ಮೂರು ವರ್ಷ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ದ್ರಾಕ್ಷಿ ಕದ್ದವರ ಋಣ ಹೀಗೆ ಅಡಿಕೆಯವರ ಮೇಲೂ ಇದೆ.

ಮೈಲುತುತ್ತವನ್ನು ಬರೀ ನೀರಲ್ಲಿ ಕದಡಿ ಹೊಡೆದರೆ ಎಲೆಯೇ ಸುಡುತ್ತದೆ. ಸುಣ್ಣ ಸೇರಿದಾಗ ತಾಮ್ರ ನೀರಿನಲ್ಲಿ ಕರಗಲು ಹಿಂಜರಿಯುವ ರೂಪ ತಾಳಿ ಕಾಯಿಗೆ ಅಂಟಿಕೊಳ್ಳುತ್ತದೆ. ಆಮೇಲೆ ಮಳೆಹನಿ ಬಿದ್ದಾಗಲೆಲ್ಲ ಬೀಜಕ ಸಾಯುವಷ್ಟು ಮಾತ್ರ ಬಿಡುತ್ತದೆ. ಕಿಲುಬಿನ ಬುದ್ಧಿಯೇ ಇದು, ಇಲ್ಲಿ ಕಾಯಿಲೆಗೆ ಮದ್ದಾಗಿ ನಿಂತಿದೆ. ಅಳತೆ ಸುಲಭ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಸುಲಭವಲ್ಲದ್ದು ಸುಣ್ಣದ ಯೋಗ್ಯತೆ. ಹಳತಾಗಿದ್ದರೆ, ಗಾಳಿ ಕುಡಿದಿದ್ದರೆ ಕಿಲೋ ಸಾಲದು.

ನಮ್ಮ ದೊಡ್ಡಪ್ಪ ಇದರಲ್ಲಿ ಪಂಡಿತ. ಮೈಲುತುತ್ತ ಒಂದು ಡ್ರಮ್ಮಿನಲ್ಲಿ, ಸುಣ್ಣದ ತಿಳಿ ಇನ್ನೊಂದರಲ್ಲಿ. ನೀಲಿಯನ್ನು ಸುಣ್ಣಕ್ಕೆ ಸುರಿಯಬೇಕು, ಸುಣ್ಣವನ್ನು ನೀಲಿಗಲ್ಲ. ಸುರಿಯುತ್ತಿದ್ದಂತೆ ಗಾಢ ನೀಲಿ ಹಾಲುಬಣ್ಣಕ್ಕೆ ಇಳಿದು ಆಷಾಢದಲ್ಲಿ ನಮಗೆ ಕಾಣಸಿಗದ ಆಕಾಶದ ಬಣ್ಣ ಬರುತ್ತದೆ. ಎಲ್ಲ ಕದಡಿಯಾದ ಮೇಲೆ ದೊಡ್ಡಪ್ಪ ಸೊಂಟದ ಕತ್ತಿಯನ್ನು ತೆಗೆದು, ಅಲಗನ್ನು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ದ್ರಾವಣದಲ್ಲಿ ಅದ್ದಿ ಹಿಡಿಯುತ್ತಾರೆ. ಸುತ್ತ ನಿಂತವರೆಲ್ಲ ಒಂದು ಕ್ಷಣ ಬಾಯಿ ಮುಚ್ಚುತ್ತಾರೆ. ಅಲಗು ಬೆಳ್ಳಗೇ ಬಂದರೆ ಸರಿ. ತುದಿಯಲ್ಲಿ ಕೆಂಪು ಹಿಡಿದಿದ್ದರೆ ಸುಣ್ಣ ಸಾಲದು, ತಾಮ್ರ ಇನ್ನೂ ಬಿಡುವಾಗಿ ತಿರುಗುತ್ತಿದೆ ಎಂದು ಅರ್ಥ. ನ್ಯೂಯಾರ್ಕಿನ ದೇವಿಯ ಹೊಟ್ಟೆಯೊಳಗೆ ನಡೆದದ್ದರ ಸಂಬಂಧಿಕ ಇದು: ಕಬ್ಬಿಣ ತಾನು ನೀರಿಗಿಳಿದು ತಾಮ್ರವನ್ನು ತನ್ನ ಮೈಮೇಲೆ ಕೂರಿಸಿಕೊಳ್ಳುತ್ತದೆ. ಮರದ ತಲೆಯಲ್ಲಿ ಕೂತು ಹೊಡೆಯಬೇಕಾದ ಕೊನೆಗೌಡ ಬಂದು ಕತ್ತಿಯನ್ನು ತಿರುಗಿಸಿ ನೋಡಿ, “ಇನ್ನೊಂದು ಸೇರು ಸುಣ್ಣ ಕಾಣ್ತದೆ ಹೆಗಡೇರೇ” ಎನ್ನುತ್ತಾನೆ. ತೋಟಗಾರಿಕೆ ಇಲಾಖೆಯವರು ಚೀಟಿಯ ಜೊತೆ ಕೊಟ್ಟು ಹೋದ ಲಿಟ್ಮಸ್ ಕಾಗದದ ಪೊಟ್ಟಣ ಕೊಟ್ಟಿಗೆಯ ಮಾಡಿನಲ್ಲಿ ಹಾಗೇ ಸಿಕ್ಕಿಸಿದೆ. ಸಂಜೆಗೆ ಕೊನೆಗೌಡ ಮರದಿಂದ ಮರಕ್ಕೆ ದಾಟಿ ಇಳಿದಾಗ ತಲೆಯಿಂದ ಕಾಲಿನ ತಳೆಯವರೆಗೂ ಶ್ರೀಕೃಷ್ಣ. ಅವನ ಹೆಂಡತಿ ಆ ಅಂಗಿಯನ್ನು ಒಗೆಯುವ ಆಸೆಯನ್ನು ಬಿಟ್ಟು ಯಾವ ಕಾಲವಾಯಿತೋ.

ಮದ್ದಿನದೂ ಒಂದು ತೊಡಕಿದೆ. ತಾಮ್ರ ಕೊಳೆತು ಹೋಗುವ ವಸ್ತುವಲ್ಲ. 1 ಕಿಲೋ ಮೈಲುತುತ್ತದಲ್ಲಿ ಸುಮಾರು ಕಾಲು ಕಿಲೋ ತಾಮ್ರವಿರುತ್ತದೆ, ತೊಳೆದು ಕೆಳಗಿಳಿದದ್ದು ಮೇಲ್ಮಣ್ಣಿನಲ್ಲೇ ಕೂರುತ್ತದೆ. ನೂರಕ್ಕೂ ಹೆಚ್ಚು ವರ್ಷ ಹೊಡೆದ ಫ್ರಾನ್ಸಿನ ತೋಟಗಳಲ್ಲಿ ಎರೆಹುಳುಗಳಿಗೆ ಕಷ್ಟಕಾಲ ಬಂದಿದೆ. ಐರೋಪ್ಯ ಒಕ್ಕೂಟ ಈಗ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರ, ಅದಕ್ಕಿಂತ ಹೆಚ್ಚು ಹಾಕಕೂಡದು ಎಂದು ಕಾನೂನು ಮಾಡಿದೆ. ನಮ್ಮಲ್ಲೂ ತಾಮ್ರ ಕಡಿಮೆ ಬೇಡುವ ಮದ್ದುಗಳ ಮಾತು ನಡೆದಿದೆ. ಎರಡನೇ ಸಲ ಮದ್ದು ಹೊಡೆಯುವ ಹೊತ್ತಿಗೆ ಊರಿಗೆ ಹೋಗಿದ್ದ ನಾನು ಜಗಲಿಯಲ್ಲಿ ಕೂತು ಇದನ್ನೆಲ್ಲ ದೊಡ್ಡಪ್ಪನಿಗೆ ಹೇಳಿದೆ. ಕವಳ ಹಾಕುತ್ತಾ ಪೂರ್ತಿ ಕೇಳಿಸಿಕೊಂಡರು.

“ಎಲ್ಲ ಸರಿ ತಮಾ. ಆ ಬೋರ್ಡೋದಲ್ಲಿ ವರ್ಷಕ್ಕೆ ಮಳೆ ಎಷ್ಟು ಬತ್ತಡ?”

ಮೊಬೈಲು ನೋಡಿ ಸುಮಾರು 37 ಇಂಚು ಎಂದೆ.

ದೊಡ್ಡಪ್ಪ ಅಂಗಳಕ್ಕೆ ಹೋಗಿ ಕವಳ ಉಗುಳಿ ಬಂದರು. “ಅಷ್ಟು ನಮ್ಮಲ್ಲಿ ಪುನರ್ವಸು, ಪುಷ್ಯ ಎರಡೇ ಮಳೆಗೆ ಬಿದ್ದು ಹೋಗ್ತು” ಎಂದವರೇ, ಸುಣ್ಣ ನೆನೆಹಾಕಲು ಹಾಳೆಯ ಟೋಪಿ ತಲೆಗಿಟ್ಟುಕೊಂಡು ಹೊರಟರು.